ರೊಟ್ಟಿ ಬಡಿಯದಿದ್ದರೆ ಮುಂದಿನ ಪುಟವಿಲ್ಲ

ಮುಂಬೈನ ಘಾಟ್ಕೋಪರ್ ಮೆಟ್ರೋದಲ್ಲಿ ಹೆಂಗಸರ ತಪಾಸಣೆಯ ಸಾಲು ಮೆಟ್ಟಿಲವರೆಗೂ ಬೆಳೆದಿತ್ತು. ನನ್ನ ಮುಂದೆ ಧಾರವಾಡದ ಕಡೆಯ ರುದ್ರವ್ವ ಮತ್ತು ಅವರ ತಂಗಿಯ ಮಗಳು ಮಾಧುರಿ. ತಮ್ಮ ಸಮಾಜದ ವಧು-ವರರ ವೆಬ್‌ಸೈಟನ್ನು ಮಾಡಿಕೊಟ್ಟವಳು ಈ ಮಾಧುರಿಯೇ ಎಂದು ಮಾತಿನಿಂದ ತಿಳಿಯಿತು.

“ನಿನ್ನ ಫಾರ್ಮ್ ಕೆಟ್ಟೈತಿ. ನನ್ನ ಮಗ ಶರಣ ನಿನ್ನಿಯಿಂದ ಒಂದ ಪುಟದಾಗ ಸಿಕ್ಕೊಂಡಾನ.”

“ಏನ ಕೇಳಾಕತ್ತೈತಿ, ದೊಡ್ಡವ್ವ?”

“ರೊಟ್ಟಿ ಬಡ್ಯಾಕ ಬರ್ತೈತೇನು ಅಂತ. ಇಲ್ಲ ಅಂತ ಒತ್ತಿದ್ರ ಮುಂದಿನ ಪುಟ ತೆರಿಯಂಗಿಲ್ಲ.”

“ಕೆಟ್ಟಿಲ್ಲ. ನಾನ ಹಂಗ ಮಾಡೇನಿ.”

“ಗಂಡು ಹುಡುಗನ್ನ ಕೇಳೂ ಮಾತೇನ ಅದು?”

“ಹುಡುಗ್ಯಾರ ಫಾರ್ಮಿನಾಗ ಅದನ್ನ ಕಡ್ಡಾಯ ಮಾಡು ಅಂತ ಮೀಟಿಂಗ್‌ನಾಗ ಹಟಾ ಹಿಡದಾಕಿ ನೀನ. ವೆಬ್ ಕಾಂಪೊನೆಂಟ್ ಅಂದ್ರ ಹಂಗ. ಒಂದ್ ಸಲ ಮಾಡಿದ ತುಂಡನ್ನ ಬೇಕಾದ ಕಡೆ ಹಚ್ಚಬಹುದು. ಹುಡುಗರ ಫಾರ್ಮಿಗೂ ಹಚ್ಚೇನಿ.”

“ತಗದುಬಿಡು.”

“ತಗದ್ರ ಹುಡುಗ್ಯಾರ ಕಡಿಂದೂ ತಗೀತೀನಿ. ಆಗಬಹುದೇನು?”

ರುದ್ರವ್ವ ಪರ್ಸಿನ ಜಿಪ್ಪನ್ನು ಸ್ವಲ್ಪ ಹೊತ್ತು ಎಳೆದಾಡಿದರು.

“ಬ್ಯಾಡ ಬಿಡು. ಹೌದು ಅಂತ ಒತ್ತಾಕ ಹೇಳ್ತೀನಿ.”

“ಒತ್ತಲಿ. ಮುಂದಿನ ಪುಟ ರೊಟ್ಟಿ ಬಡ್ಯೂ ಫೋಟೋ ಕೇಳತೈತಿ. ಅದೂ ನಿಂದ ಐಡಿಯಾ.”

“ಮಾರಿ ಕಾಣಬೇಕೇನು?”

“ಕೈ ಕಂಡ್ರ ಸಾಕು ಅಂತ ನೀನ ಹೇಳಿದ್ದಿ.”

“ಚಲೋ ಆಂಟಿ, ಆಗೇ!” ಎಂದು ಹಿಂದಿಯಲ್ಲಿ ಮುಂದಕ್ಕೆ ಕರೆದಳು ಗಾರ್ಡ್. ರುದ್ರವ್ವ ಡಜನ್ ಬಳೆಗಳ ಎರಡೂ ಕೈ ಚಾಚಿ ನಿಂತರು. ತಪಾಸಣೆ ಮುಗಿದು ಪರದೆಯಾಚೆ ಹೋಗುವಾಗ ಅವರ ದನಿ ಕೇಳಿಸಿತು:

“ಹಂಗಾರ ಶರಣಂದೊಂದು ಫುಲ್ ತೋಳಿನ ಅಂಗಿ ಹಾಕ್ಕೊಂಡು ನಾನ ಬಡೀತೀನಿ.”