ಮನೆಗೆ ಮುಟ್ಟದ ಫೋಟೋ

"ಅಣ್ಣಾ, ಚಲುವರಾಜು ಅವರ ಮನೆ ಯಾವ ಕಡೆ ಬರುತ್ತೆ?"

ವಾರಿಜಾ ಹೀಗೆ ಕೇಳುವಾಗ ರಾತ್ರಿ ಎಂಟೂವರೆ. ಕರೆಂಟ್ ಹೋಗಿ ಬಹಳ ಹೊತ್ತಾಗಿತ್ತು. ಅರ್ಧ ಕಟ್ಟಿದ ಮನೆಯೊಂದರ ಮುಂದೆ ಲಾಟೀನು ಇಟ್ಟುಕೊಂಡು ಕೂತಿದ್ದ ವಾಚ್‌ಮನ್ ಬೀಡಿ ಬಾಯಿಂದ ತೆಗೆಯದೆಯೇ ಕೇಳಿದ.

"ಸಾರಕ್ಕಿ ಹಳ್ಳಿಯೋರಾ, ಲೇಔಟ್‌ನೋರಾ?"

"ಹಳ್ಳಿಯೋರೇ. ಈಗ ಲೇಔಟಲ್ಲಿ ಮನೆ ಕಟ್ಕೊಂಡಿದ್ದಾರೆ."

"ಹಂಗಾದ್ರೆ ನೇರ ಹೋಗಿ. ಮೂರು ಕ್ರಾಸ್ ಬಿಟ್ಟು ಎಡಕ್ಕೆ. ಬೇಗ ಹೋಗಿ ಮೇಡಂ, ನಾಯಿ ಕಾಟ."

ಇದು ಎಂಬತ್ತೊಂದನೇ ಇಸವಿಯ ಮಾತು. ವಾರಿಜಾ ನನ್ನ ಚಿಕ್ಕಮ್ಮನ ಮಗಳು. ಇಸ್ತಾಂಬುಲ್ಲಿನ ಸಂದಿಗೊಂದಿಯಲ್ಲಿ ಒಬ್ಬಳೇ ಓಡಾಡಿ ಬಂದವಳು. ಮೇನು, ಕ್ರಾಸು ಅಂತ ನಂಬರ್ ಹಾಕಿ ಗೆರೆ ಎಳೆದಂತೆ ಮಾಡಿದ ಜೆ.ಪಿ. ನಗರದಲ್ಲಿ ದಾರಿ ತಪ್ಪಿದಳು! ಲೋಕ ಸುತ್ತಿದ ಮೇಲೆ ಅವಳಿಗೆ ತನ್ನೂರಿನ ಹುಚ್ಚು ಹಿಡಿದಿತ್ತು. ಬೆಂಗಳೂರು ನುಂಗಿದ ಹಳ್ಳಿಗಳ ಹಳೇ ಫೋಟೋ, ಗಾಜಿನ ನೆಗೆಟಿವ್, ಸೇರು, ಪಾವು, ಬೀಗದಕೈ... ಸಿಕ್ಕಿದ್ದನ್ನೆಲ್ಲ ಕೂಡಿಹಾಕಿದ್ದಳು. ಮಾರನೇ ದಿನ ಬೆಳಿಗ್ಗೆ ಜಯನಗರದ ಒಂದು ಹಾಲ್‌ನಲ್ಲಿ ಅವುಗಳ ಪ್ರದರ್ಶನ.

ಪ್ರದರ್ಶನದ ಮುಖ್ಯ ಫೋಟೋ ಆಗ ಅವಳ ಬಗಲಿನ ಚೀಲದಲ್ಲೇ ಇತ್ತು. ಕಟ್ಟು ಹಾಕಿಸಿ, ಗಾಜು ಕೂರಿಸಿದ್ದು. ಸಾರಕ್ಕಿಯ ಒಂದು ಮನೆಯಂಗಳ, ೧೯೧೮. ನಡುವೆ ಕುರ್ಚಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು. ಸುತ್ತ ನಿಂತವರೆಲ್ಲ ಸ್ವಲ್ಪ ಸ್ವಲ್ಪ ಮಸುಕು. ಆ ಕಾಲದ ಕ್ಯಾಮರಾ ನಿಧಾನ, ಉಸಿರಾಡಿದರೂ ಮಸುಕಾಗುತ್ತಿತ್ತು. ಆ ಹೆಂಗಸು ಮಾತ್ರ ಕಲ್ಲಲ್ಲಿ ಕಡೆದ ಹಾಗೆ. ಹಿಂದೆ ನಿಂತ ಹುಡುಗಿಯೊಬ್ಬಳ ಕೈ ಅವಳ ಕುತ್ತಿಗೆಯ ಹತ್ತಿರ. ಸೊಸೆಯೇ ಇರಬೇಕು, ಅತ್ತೆಯ ಮೇಲೆ ಎಷ್ಟು ಅಕ್ಕರೆ ನೋಡು ಅಂತ ವಾರಿಜಾ ನನಗೇ ತೋರಿಸಿ ಮೆಚ್ಚಿಕೊಂಡಿದ್ದಳು.

ಅದರ ಗಾಜಿನ ನೆಗೆಟಿವ್ ಕೊಟ್ಟವರು ಬಸವನಗುಡಿಯ ಪರಮಶಿವಯ್ಯ. ಅವರಪ್ಪ ಫೋಟೋ ತೆಗೆಯುತ್ತಿದ್ದವರು. ಪೆಟ್ಟಿಗೆಯಲ್ಲಿದ್ದ ಅಷ್ಟನ್ನೂ ಕೊಟ್ಟು, ಇದೊಂದರ ಮೇಲೆ ಕೈ ಇಟ್ಟಿದ್ದರು.

"ಇದು ಬೇಡಮ್ಮ. ಇನ್ನೂ ಮನೆಗೆ ಮುಟ್ಟಿಲ್ಲ. ಇಂಥ ಫೋಟೋ ಮೊದಲು ಮನೆಗೆ ಹೋಗ್ಬೇಕು, ಆಮೇಲೆ ಯಾರಾದ್ರೂ ನೋಡ್ಲಿ. ನಮ್ಮಪ್ಪನ ಕಾಲದ ಕಟ್ಟಳೆ."

"ನಾನೇ ಮುಟ್ಟಿಸ್ತೀನಿ ಬಿಡಿ ಸಾರ್," ಅಂದಿದ್ದಳು ವಾರಿಜಾ. ಇಂಥ ಫೋಟೋ ಅಂದರೆ ಎಂಥದು ಅಂತ ಕೇಳಲೇ ಇಲ್ಲ. ಅದು ಯುಗಾದಿಯ ಮಾತು. ಈಗ ದೀಪಾವಳಿಯೂ ಮುಗಿದಿತ್ತು. ಸಾರಕ್ಕಿಯಲ್ಲಿ ವಿಚಾರಿಸಿ, ಅದು ಚಲುವರಾಜು ಮನೆಯವರದು ಅಂತ ಪತ್ತೆ ಮಾಡಿದ್ದಳು. ಇವತ್ತು ಬಂದದ್ದೂ ಕೊಡುವುದಕ್ಕಲ್ಲ. ಫೋಟೋ ತೋರಿಸಿ, ಅಜ್ಜಿಯ ಹೆಸರು ಬರೆದುಕೊಂಡು, ವಾಪಸ್ ಒಯ್ಯುವುದಕ್ಕೆ.

ಮೂರು ಕ್ರಾಸ್ ಬಿಟ್ಟಳು. ಎಡಕ್ಕೆ ತಿರುಗಿದಳು.

ಬಾವಿ.

ಕಲ್ಲಿನ ಕಟ್ಟೆ, ಮೇಲೆ ರಾಟೆ. ಹಗ್ಗವಿಲ್ಲ. ರಾಟೆ ಮಾತ್ರ ತಿರುಗುತ್ತಿತ್ತು... ಕಿರ್‍ರ್... ಕಿರ್‍ರ್... ಗಾಳಿ ಇರಬೇಕು ಅಂದುಕೊಂಡು ದಾಟಿದಳು. ಹತ್ತು ಹೆಜ್ಜೆ ಹೋಗಿರಬಹುದು. ಹಿಂದೆ ಇನ್ನೊಂದು ಸದ್ದು.

ಜರ್‍ರ್... ಟಕ್.

ಜಲ್ಲಿಯ ಮೇಲೆ ಮರದ ಕಾಲು ಎಳೆದು, ಎತ್ತಿ ಇಟ್ಟಂತೆ. ವಾರಿಜಾ ನಿಂತಳು. ಅದೂ ನಿಂತಿತು. ನಡೆದಳು. ಜರ್‍ರ್... ಟಕ್. ಓಡುನಡಿಗೆಯಲ್ಲಿ ಒಂದು ತಿರುವು ತಿರುಗಿದರೆ ಲಾಟೀನು, ಅದೇ ವಾಚ್‌ಮನ್.

"ಏನ್ ಮೇಡಂ, ಮತ್ತೆ ಇಲ್ಲಿಗೇ ಬಂದ್ರಾ?"

"ಆ ಬಾವಿ ಹತ್ರ ದಾರಿ ತಪ್ತು."

"ಯಾವ ಬಾವಿ?" ಅವನು ನಕ್ಕ. "ಲೇಔಟ್ ಮಾಡ್ದಾಗಲೇ ಮುಚ್ಚಿದ್ರು. ನಾನೇ ಮಣ್ಣು ಹೊತ್ತಿದ್ದೀನಿ." ಆಮೇಲೆ ಅವಳ ಬೆನ್ನ ಹಿಂದೆ ನೋಡಿ ದನಿ ತಗ್ಗಿಸಿದ. "ಅದಿರ್ಲಿ... ಆ ಅಜ್ಜಿ ಕೈಲಿ ಕುರ್ಚಿ ಯಾಕೆ ಎಳೆಸ್ತಿದ್ದೀರ? ಓದಿರೋರು ನೀವು. ಒಂದು ಕೈ ಹಿಡಿಯೋಕಾಗಲ್ವಾ?"

ವಾರಿಜಾ ತಿರುಗಿ ನೋಡಲಿಲ್ಲ.

ಹೆಸರೂ ಬೇಡ, ಏನೂ ಬೇಡ, ಬಸ್ ಸ್ಟಾಪ್ ಸೇರಿದರೆ ಸಾಕು ಅಂತ ಬಲಕ್ಕೆ ಹೋದಳು. ಬಾವಿ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು. ಲಾಟೀನೂ ಇಲ್ಲ, ವಾಚ್‌ಮನ್ನೂ ಇಲ್ಲ... ಬಾವಿ. ಎರಡೂ ಬದಿ ಮನೆಗಳು, ಒಳಗೆ ಮೇಣದಬತ್ತಿ ಬೆಳಕು, ಯಾರೋ ಊಟಕ್ಕೆ ಕೂತ ನೆರಳು. ಒಂದು ಗೇಟು ಹಿಡಿದು ಜೋರಾಗಿ ಬಡಿದಳು. ಕೈ ನೋವಾಯಿತು... ಸದ್ದು ಬರಲಿಲ್ಲ. ಕೂಗಿದಳು. ಗಂಟಲು ಉರಿಯಿತು. ಅದಕ್ಕೂ ಸದ್ದಿಲ್ಲ. ಆ ಬೀದಿಯಲ್ಲಿ ಕೇಳುತ್ತಿದ್ದುದು ಎರಡೇ... ಕಿರ್‍ರ್... ಜರ್‍ರ್... ಟಕ್.

ಆಮೇಲೆ ರಾಟೆಯೂ ನಿಂತಿತು. ಕಿವಿಯ ಹತ್ತಿರ ಪಿಸುಮಾತು. ಸಿಟ್ಟಿಲ್ಲ, ಬರೀ ಸುಸ್ತು.

"ಇನ್ನೂ ಎಷ್ಟೊತ್ತು ಕೂತಿರ್ಲವ್ವ..."

ವಾರಿಜಾ ಚೀಲವನ್ನು ಎದೆಗೆ ಅವಚಿಕೊಂಡಳು.

"ಅಲ್ಲಾಡಬೇಡ ಅಂದ್ರು... ಅಲ್ಲಾಡ್ನಿಲ್ಲ. ನಾಳೆ... ಊರೋರ ಮುಂದೂ ಕೂರಿಸ್ತೀಯಾ?"

ಆಗ ಅವಳಿಗೆ ಆ ಫೋಟೋದ ಒಂದೊಂದು ಮುಖವೂ ಕಣ್ಣಿಗೆ ಕಟ್ಟಿತು. ಮಸುಕಾದವರು ಉಸಿರಾಡಿದವರು.

"ಇಲ್ಲಮ್ಮ," ಅಂದಳು. ಈ ಸಲ ದನಿ ಹೊರಟಿತು. "ಇವತ್ತೇ ಮನೆಗೆ ಮುಟ್ಟಿಸ್ತೀನಿ. ನನಗೆ ದಾರಿ ಗೊತ್ತಾಗ್ತಿಲ್ಲ... ನೀವೇ ಮುಂದೆ ನಡೀರಿ."



ಜರ್‍ರ್... ಟಕ್. ಈಗ ಸದ್ದು ಅವಳ ಮುಂದಿತ್ತು.

ಅದರ ಹಿಂದೆಯೇ ಹೋದಳು. ಕಣ್ಣಿಗೆ ಏನೂ ಇಲ್ಲ, ಕಿವಿಗೆ ಮಾತ್ರ. ಎರಡು ತಿರುವು, ಒಂದು ಖಾಲಿ ಸೈಟು, ಒಂದು ಹಸಿರು ಗೇಟು. ಅಲ್ಲಿ ಸದ್ದು ನಿಂತಿತು. ಗೇಟು ಬಡಿದಳು. ಠಣ್ ಠಣ್ ಅಂತು. ಆ ಸದ್ದು ಕೇಳಿ ಅತ್ತೇಬಿಟ್ಟಳು.

ಚಲುವರಾಜು ಮೇಣದಬತ್ತಿ ಹಿಡಿದು ಬಂದ. ಕಾರ್ಖಾನೆ ಕೆಲಸದವನು, ಪಂಚೆ ಎತ್ತಿ ಕಟ್ಟಿದ್ದ. "ಏನ್ ಮೇಡಂ, ಐದು ಗಂಟೆಗೆ ಬರ್ತೀನಿ ಅಂದೋರು! ಬನ್ನಿ ಬನ್ನಿ, ಅಜ್ಜಿ ಇನ್ನೂ ಎದ್ದೇ ಇದೆ."

ಮಂಚದ ಮೇಲೆ ಅವನ ಅಜ್ಜಿ ಅಣ್ಣಮ್ಮ. ಎಂಬತ್ತು ದಾಟಿತ್ತು. ಫೋಟೋವನ್ನು ಬತ್ತಿಯ ಹತ್ತಿರ ಹಿಡಿದು, ಗಾಜಿನ ಮೇಲೆ ಬೆರಳಾಡಿಸಿತು.

"ನಮ್ಮತ್ತೆ. ಮುನಿಯಕ್ಕ."

"ಹಿಂದೆ ನಿಂತಿರೋದು ಯಾರಜ್ಜಿ?"

"ನಾನೇ ಕಣವ್ವ. ತಲೆ ವಾಲ್ಕೊತಿತ್ತು. ಬಿಗಿಯಾಗಿ ಹಿಡ್ಕೊಳ್ಳಮ್ಮ ಅಂದ್ರು ಫೋಟೋದೋರು. ಜೀವ ಹೋಗಿ ಒಂದು ರಾತ್ರಿ ಆಗಿತ್ತಲ್ಲ... ಬದುಕಿದ್ದಾಗ ಒಂದು ಫೋಟೋ ತೆಗೆಸ್ನಿಲ್ಲ. ಹೋದ್ಮೇಲಾದ್ರೂ ಗೋಡೆ ಮೇಲಿರ್ಲಿ ಅಂತ ಕೂರಿಸಿ ತೆಗೆಸಿದ್ವು. ಆ ವಾರವೇ ಊರಿಗೆಲ್ಲ ಜ್ವರ ಬಂತು. ಮನೇಲಿ ನಾಕು ಹೆಣ. ಫೋಟೋ ತರೋಕೆ ಯಾರು ಹೋಗ್ತಾರೆ ಹೇಳು?"

ಚಲುವರಾಜು ಒಳ್ಳೆಯ ಮನುಷ್ಯ. "ನಾಳೆ ನಿಮ್ಮ ಪ್ರದರ್ಶನಕ್ಕೆ ಬೇಕಲ್ವ ಮೇಡಂ? ಮುಗಿಸ್ಕೊಂಡೇ ಕೊಡಿ. ಅರವತ್ತು ವರ್ಷ ಹೋಗಿದೆ, ಇನ್ನೊಂದು ವಾರಕ್ಕೇನು?"

ಆ ಮಾತು ಕೇಳಿ ಅಣ್ಣಮ್ಮನ ಬೆರಳು ಗಾಜಿನ ಮೇಲೆ ನಿಂತುಬಿಟ್ಟಿತು. ವಾರಿಜಾ ಅದನ್ನು ನೋಡಿದಳು. ಅವಳಿಗೂ ಒಂದು ಕ್ಷಣ ಆಸೆ ಆಯಿತಂತೆ, ಅದನ್ನೂ ಮುಚ್ಚಿಡದೆ ಹೇಳಿದ್ದಾಳೆ. ನಾಳೆ ಬಾಗಿಲಲ್ಲೇ ಎದುರಿಗಿರಬೇಕಾದ ಫೋಟೋ ಅದು.

"ಬೇಡ," ಅಂದಳು. "ಸುತ್ತಿಗೆ ಕೊಡಿ. ಎಲ್ಲಿಗೆ ಹಾಕ್ಬೇಕು ಹೇಳಿ."

ಅಷ್ಟರಲ್ಲಿ ಕರೆಂಟ್ ಬಂತು. ಚಲುವರಾಜು ಸುತ್ತಿಗೆ ಹಿಡಿದು ಗೋಡೆಗೆ ತಿರುಗಿದವನು ಹಾಗೇ ನಿಂತ.

ಮನೆ ಕಟ್ಟಿ ಮೂರು ವರ್ಷ. ಹಬ್ಬಕ್ಕೆ ತಾನೇ ಸುಣ್ಣ ಹೊಡೆದಿದ್ದ. ಆ ಗೋಡೆಗೆ ಯಾರೂ ಏನೂ ಹಾಕಿರಲಿಲ್ಲ. ಈಗ ನಡುಗೋಡೆಯಲ್ಲಿ ಒಂದು ಮೊಳೆ. ಅದರ ಕೆಳಗೆ ಒಂದು ಚೌಕ, ಬಹಳ ಕಾಲ ಫೋಟೋ ತೂಗಿದ ಕಡೆ ಇರುತ್ತದಲ್ಲ, ಅಂಥದು. ಸುತ್ತ ಹೊಗೆ ಬಡಿದ ಗೆರೆ, ಒಳಗೆ ಬೆಳ್ಳಗೆ.

ವಾರಿಜಾ ಫೋಟೋ ತೂಗುಹಾಕಿದಳು. ನಾಲ್ಕು ಅಂಚೂ ಗೆರೆಗೆ ಸರಿಯಾಗಿ ಕೂತವು.

ಅವಳ ಮಾತು ನಂಬಬೇಡಿ, ಬಿಡಿ. ನಾನೇ ಆಮೇಲೆ ಆ ಮನೆಗೆ ಹೋಗಿ, ಫೋಟೋ ಸ್ವಲ್ಪ ಸರಿಸಿ, ಮೊಳೆ ಮುಟ್ಟಿ ನೋಡಿದ್ದೇನೆ. ಹಿಂದಿನ ಕಾಲದಲ್ಲಿ ಕಮ್ಮಾರರು ಬಡಿದು ಮಾಡುತ್ತಿದ್ದ ಕೈಮೊಳೆ. ಬೆರಳಿಗೆ ತುಕ್ಕು ಹತ್ತಿತು.