ಮುದ್ದೆ ಕೋಲು

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಮೊಮ್ಮಗಳು ಕೂತಿದ್ದರು.

"ಅಜ್ಜಿ, ಆಗಸ್ಟ್ ಹದಿನೈದಕ್ಕೆ ಸ್ಕೂಲಲ್ಲಿ ಹೋರಾಟಗಾರ್ತಿ ವೇಷ. ಕತ್ತಿ ಕೊಡಿಸು."

"ನಮ್ಮವ್ವನ ವೇಷ ಆಕು. ತೋಟದಲ್ಲಿ ಅಡಗಿದ್ದ ಚಳವಳಿಯೋರಿಗೆ ಮುದ್ದೆ ಮಾಡಿ ಕಳಿಸ್ತಿದ್ಲು."

"ಪೊಲೀಸ್ ಬರ್ಲಿಲ್ವಾ?"

"ಬಂದ್ರು. ಇಬ್ರಿಗೆ ಇಷ್ಟೊಂದು ಮುದ್ದೆ ಯಾಕೆ ಅಂದ್ರು. ನಮ್ಮೆಜಮಾನ್ರು ಒಬ್ರೇ ತಿಂತಾರೆ ಅಂದ್ಬಿಟ್ಲು."

"ಆಮೇಲೆ?"

"ನಮ್ಮಪ್ಪ ಅವರ ಮುಂದೇನೇ ಕೂತು ಅಷ್ಟೂ ನುಂಗ್ದ."

"ಪಾಪ ಮುತ್ತಾತ."

"ಏನ್ ಪಾಪ? ಸ್ವಾತಂತ್ರ್ಯ ಬಂದ್ಮೇಲೆ ಸರ್ಕಾರದ ತಾಮ್ರಪತ್ರ ಬಂದಿದ್ದು ಅವನಿಗೇ."

"ಮುತ್ತಜ್ಜಿಗೆ?"

"ಅವ್ಳಿಗೆಲ್ಲಿ? ಅವತ್ತು ತೋಟದಲ್ಲಿರೋರು ಇನ್ನೂ ಅಸ್ಕೊಂಡಿದ್ರಲ್ಲ. ಪೊಲೀಸ್ನೋರು ಆಚೆ ದಾಟಿದ್ಮೇಲೆ ತಿರ್ಗಾ ಎಸರಿಟ್ಲು."

ಯಲಹಂಕದ ಬಸ್ಸು ಬಂತು. ಮೊಮ್ಮಗಳು ಅಜ್ಜಿಯ ಚೀಲ ಎತ್ತಿಕೊಂಡಳು.

"ಕತ್ತಿ ಬೇಡ ಬಿಡಜ್ಜಿ. ನಿನ್ನ ಮುದ್ದೆ ತಿರುವೋ ಕೋಲು ಕೊಡು."

"ಅವ್ವಂದು ಕಣೇ ಅದು. ಮಧ್ಯಾಹ್ನ ಅಡುಗೆ ಒತ್ತಿಗೆ ವಾಪಸ್ ತಂದ್ಕೊಡು," ಎನ್ನುತ್ತಾ ಅಜ್ಜಿ ಬಸ್ಸು ಹತ್ತಿದರು.