ಮೂರನೇ ಕೂಗಿಗೆ ಗಣಿತ ಮುಗಿಯಿತು

ಮನೆ ಕಂದಾಯದ ಸಾಲಿನಲ್ಲಿ ನಿಂತಿದ್ದ ದರ್ಜಿಗೆ ಮುಂದಿನವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬರು ಸರ್ಕಾರಿ ಶಾಲೆಯ ಹೆಡ್‌ಮಾಸ್ತರರು, ಇನ್ನೊಬ್ಬರು ಶಾಲೆಯ ಎದುರುಮನೆ ಅಜ್ಜಿ.

“ಅಮ್ಮಾ, ನಿನ್ನೆ ಅಡುಗೆ ಮಾಡ್ಲಿಲ್ವಾ?”

“ತಂಗಿ ಮನೇಲಿ ಊಟ ಇತ್ತು. ನಿಮಗ್ಯಾಕೆ ಮೇಷ್ಟ್ರೇ?”

“ಅನುದಾನ ಕಡಿತ ಆಗಿ ಗಂಟೆ ಹೊಡೆಯೋನು ಹೋದ. ಗಡಿಯಾರಕ್ಕೆ ಸೆಲ್ಲೂ ಇಲ್ಲ. ಈಗ ನಿಮ್ಮ ಕುಕ್ಕರ್ ಮೂರು ಸಲ ಕೂಗಿದ್ರೇನೇ ಗಣಿತ ಮುಗಿಯೋದು.”

“ಅಯ್ಯೋ! ಹಾಗಾದ್ರೆ ನಿನ್ನೆ?”

“ಸಂಜೆವರೆಗೂ ಗಣಿತವೇ.”

ಅದೇ ಶಾಲೆಗೆ ಹೋಗುವ ತನ್ನ ಮಗಳು ನಿನ್ನೆ ರಾತ್ರಿ ತುತ್ತು ಎಣಿಸುತ್ತ ಉಂಡದ್ದೇಕೆಂದು ದರ್ಜಿಗೆ ಈಗ ಹೊಳೆಯಿತು.

“ಅದಕ್ಕೇ ನಿಮ್ಮ ಶಾಲೆ ಮಕ್ಕಳು ಬಂದು, ‘ಅಜ್ಜಿ, ಕಾಳು ಬೇಡ, ಬೇಗ ಬೇಯೋದು ಇಡಿ’ ಅಂತ ಕಾಲು ಹಿಡಿದಿದ್ದು! ಆದ್ರೆ ನಾಳೆಯಿಂದ ಎಂಟು ದಿನ ನಾನು ಮಗಳ ಮನೇಲಿರ್ತೀನಿ.”

“ಎಂಟು ದಿನಾನಾ! ಕುಕ್ಕರಾದ್ರೂ ಕೊಟ್ಟು ಹೋಗಿ, ಪುಣ್ಯ ಬರುತ್ತೆ.”

“ಕಂದಾಯನೂ ನಾನೇ ಕಟ್ಟಿ, ಕುಕ್ಕರೂ ನಾನೇ ಕೊಡ್ಬೇಕಾ? ಸರಿ, ಒಲೆ ಯಾರು ಹಚ್ತಾರೆ?”

ತಮ್ಮ ಸರದಿ ಬಂದು, ಅಜ್ಜಿ ಹಣ ಕಟ್ಟಿ ರಸೀದಿ ಮಡಚಿಕೊಂಡು ಹೊರಟೇಬಿಟ್ಟರು. ಮೇಷ್ಟ್ರು ತಮ್ಮ ಕಂದಾಯ ಕಟ್ಟುವುದನ್ನೂ ಮರೆತು, ಅವರ ಚೀಲ ಎತ್ತಿಕೊಂಡು ಹಿಂದೆ ಓಡಿದರು.

“ಒಲೆ ಹಚ್ಚೋದಕ್ಕೊಂದು ಹುದ್ದೆ ಮಂಜೂರು ಮಾಡಿ ಅಂತ ಇವತ್ತೇ ಬರೀತೀನಮ್ಮಾ!”